ಅಣ್ಣನಿಲ್ಲದ ಅರ್ಜಿ

ಶಿಶುವಿಹಾರ ಕಚೇರಿಯ ದಾಖಲೆಯ ಪ್ರಕಾರ ನನ್ನ ಮಗಳಿಗೆ ಹದಿನಾಲ್ಕು ವರ್ಷ, ಅವಳಿಗೆ ತೂಕವೇ ಇಲ್ಲ, ಅವಳ ತಾಯಿಯ ಹೆಸರು ಮೂರು, ಮತ್ತು ನಾನು ಅವಳ ಅಕ್ಕ.

ಅಕ್ಕನಾದದ್ದಕ್ಕೆ ನನ್ನ ತಕರಾರೇನಿರಲಿಲ್ಲ. ಆದರೆ ಹದಿನಾಲ್ಕು ವರ್ಷದವಳಿಗೆ ಶಿಶುವಿಹಾರದಲ್ಲಿ ಜಾಗವಿಲ್ಲ. ಜಾಗ ಸಿಗದಿದ್ದರೆ ಸೋಮವಾರ ನಾನು ಹೊಲಿಗೆ ಕಾರ್ಖಾನೆಗೆ ಹೋಗುವಂತಿಲ್ಲ. ಸೋಮವಾರ ಹೋಗದಿದ್ದರೆ ನನ್ನ ಮಷಿನ್ನಿನ ಮುಂದೆ ಬೇರೆಯವಳು ಕೂರುತ್ತಾಳೆಂದು ಮೇಲ್ವಿಚಾರಕಿ ಮೂರು ಸಲ ಹೇಳಿದ್ದಳು. ಅಂದು ಶುಕ್ರವಾರ.

ತಪ್ಪು ಎಲ್ಲಿಂದ ಬಂತೆಂದು ಕಂಪ್ಯೂಟರಿನವನು ತೋರಿಸಿದ. ಕಚೇರಿ ನಡೆಯುವುದು ಶೆಲ್ ಸ್ಕ್ರಿಪ್ಟು ಎಂಬ, ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆಗಳ ಒಂದು ಪಟ್ಟಿಯ ಮೇಲೆ. ಅದರ ಹೆಸರು ಟೈಪು ಮಾಡಿ, ಅದೇ ಸಾಲಿನಲ್ಲಿ ಐದು ವಿವರ ಕೊಡಬೇಕು: ಮಗುವಿನ ಹೆಸರು, ಅದರ ಅಣ್ಣ ಅಥವಾ ಅಕ್ಕನ ಹೆಸರು, ತಾಯಿಯ ಹೆಸರು, ವಯಸ್ಸು, ತೂಕ.

"ಅದು ಮುಖ ನೋಡಲ್ಲ ಅಕ್ಕ. ಸಾಲಲ್ಲಿ ಎಷ್ಟನೆಯವರು ಅಂತ ಮಾತ್ರ ನೋಡುತ್ತೆ. ನಿಮ್ಮ ಮಗಳಿಗೆ ಅಣ್ಣ ಇಲ್ಲ, ಗುಮಾಸ್ತೆಯಮ್ಮ ಆ ಜಾಗ ಬಿಟ್ಟರು. ಹಿಂದಿದ್ದವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದರು."

"ಸರಿ ಮಾಡೋಕೆ ಎಷ್ಟು ದಿನ ಬೇಕು?"

"ದಿನ ಯಾಕೆ? ಒಂದು ಸಾಲು. ಐದು ಬಂದಿದೆಯಾ ಅಂತ ಎಣಿಸು, ಇಲ್ಲದಿದ್ರೆ ನಿಂತು ಕೇಳು ಅಂತ ಬರೆದರೆ ಮುಗೀತು."

ಅಧಿಕಾರಿಗಳು ಕನ್ನಡಕ ತೆಗೆದರು. ಎರಡನೆಯ ಮಕ್ಕಳ ವಿಷಯದಲ್ಲಿ ಸ್ಕ್ರಿಪ್ಟು ಇಂದಿನವರೆಗೆ ಒಮ್ಮೆಯೂ ತಪ್ಪಿಲ್ಲ, ಜನ ಎರಡನೆಯದನ್ನೇ ಮೊದಲು ಹೆತ್ತರೆ ಯಾರಿಗೂ ತೊಂದರೆಯಿಲ್ಲ ಎಂದರು. ಆದರೂ ಸಾಲು ಸೇರಿಸಲು ಅರ್ಜಿ ಕೊಡಬಹುದು. ಕಚೇರಿಗೆ ಬಂದ ಪ್ರತಿಯೊಂದೂ ಸ್ಕ್ರಿಪ್ಟಿನ ಮೂಲಕವೇ ದಾಖಲಾಗಬೇಕೆಂಬ ನಿಯಮವಿದೆ.

ಅರ್ಜಿ ಕೊಟ್ಟೆ. ಅರ್ಜಿಗೂ ಅಣ್ಣ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು: ಸದರಿ ಮಗುವನ್ನು ಬುಧವಾರ ಲಸಿಕೆಗೆ ಕರೆತರತಕ್ಕದ್ದು, ಬರುವಾಗ ಮೈಗೆ ಸಡಿಲವಾದ ಬಟ್ಟೆ ಹಾಕತಕ್ಕದ್ದು.

ಗುಮಾಸ್ತೆಯಮ್ಮ ನನ್ನನ್ನು ಕಪಾಟಿನ ಮರೆಗೆ ಕರೆದರು. "ಯಾಕಮ್ಮ ಇಷ್ಟು ಒದ್ದಾಡ್ತೀಯ? ಎಲ್ಲರೂ ಏನೋ ಒಂದು ಹೆಸರು ಕೊಡ್ತಾರೆ. ನೀನೂ ಒಬ್ಬ ಅಣ್ಣನ್ನ ಕೊಡು."

"ಈಗ, ಇಲ್ಲಿ?"

"ಐದು ಗಂಟೆಗೆ ಬಾಗಿಲು ಹಾಕ್ತೀವಿ."

"ಗುಂಡ," ಎಂದೆ. ನೋವಿಲ್ಲದೆ ಹೆತ್ತದ್ದು ಅದೊಂದೇ.

ಸಾಲು ಸರಿಹೋಯಿತು. ಮಗಳು ಮೂರು ವರ್ಷಕ್ಕೆ ಇಳಿದಳು, ಹದಿನಾಲ್ಕು ಕಿಲೋ ಅವಳಿಗೆ ವಾಪಸು ಬಂತು, ನಾನು ಮತ್ತೆ ತಾಯಿಯಾದೆ. ಶನಿವಾರ ಆದೇಶ ಕೈಸೇರಿತು. ಒಂದು ಮನೆಗೆ ಒಂದೇ ಜಾಗ, ಅದೂ ಹಿರಿಯ ಮಗುವಿಗೆ ಎಂಬ ನಿಯಮದಂತೆ, ಜಾಗವನ್ನು ಗುಂಡನಿಗೆ ನೀಡಲಾಗಿತ್ತು.

ಸೋಮವಾರ ಮಗಳನ್ನು ಎತ್ತಿಕೊಂಡು ಶಿಶುವಿಹಾರಕ್ಕೆ ಹೋದೆ. ಟೀಚರ್ ಪಟ್ಟಿ ನೋಡಿದರು. "ಗುಂಡ ಎಲ್ಲಿ?"

"ಅವನಿಗೆ ಬರೋಕಾಗಲ್ಲ. ತಂಗೀನ ಕಳಿಸಿದ್ದಾನೆ."

"ಹಾಗಾದ್ರೆ ಅವನ ಒಪ್ಪಿಗೆ ಪತ್ರ ಬೇಕು. ಹೆಬ್ಬೆಟ್ಟಾದ್ರೂ ಆಗುತ್ತೆ."

ಮನೆಗೆ ಓಡಿದೆ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಇನ್ನೂ ಮಲಗಿದ್ದ. ಅವನ ಕೈಬೆರಳಿನ ಗುರುತು ಎಲ್ಲ ಕಚೇರಿಗಳಲ್ಲೂ ಇರುವುದರಿಂದ, ಕಾಲಿನ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡೆ. ಟೀಚರ್ ಅದನ್ನು ಬೆಳಕಿಗೆ ಹಿಡಿದು, "ವಯಸ್ಸಿಗೆ ಮೀರಿದ ಬೆಳವಣಿಗೆ," ಎಂದು ಕಡತಕ್ಕೆ ಸೇರಿಸಿದರು. ಗಂಟೆ ಹೊಡೆಯುವ ಮೊದಲೇ ನಾನು ನನ್ನ ಮಷಿನ್ನಿನ ಮುಂದಿದ್ದೆ.

ಈಗ ವರ್ಷವಾಯಿತು. ಹಾಜರಿ ಕೂಗಿದಾಗ "ಗುಂಡ" ಎಂದರೆ ಮಗಳು ಕೈ ಎತ್ತುತ್ತಾಳೆ. ಬಿಸ್ಕತ್ತು ಕೊಟ್ಟರೆ ಅರ್ಧ ಮುರಿದು ಅಣ್ಣನಿಗೆಂದು ಇಡುತ್ತಾಳೆ, ಆಮೇಲೆ ಅವನ ಪರವಾಗಿ ತಾನೇ ತಿನ್ನುತ್ತಾಳೆ. ನನ್ನ ಅರ್ಜಿಗೆ ಎರಡನೆಯ ಲಸಿಕೆಯ ಕರೆಯೂ ಬಂದಿದೆ. ಕಂಪ್ಯೂಟರಿನವನು ಈಚೆಗೆ ಆ ಸಾಲಿನ ಮಾತೆತ್ತುತ್ತಿಲ್ಲ. ಅವನ ಹೆಂಡತಿಗೆ ಚೊಚ್ಚಲ ಬಸಿರು, ಹುಟ್ಟುವ ಮಗುವಿಗೆ ಅಣ್ಣನ ಹೆಸರು ಹುಡುಕುತ್ತಿದ್ದಾನೆ.

ಕಳೆದ ವಾರ ಶಿಶುವಿಹಾರದ ವಾರ್ಷಿಕ ಸಭೆ. ಒಂದು ದಿನವೂ ಅಳದ, ಯಾರನ್ನೂ ಕಚ್ಚದ ಮಗುವೆಂದು ಗುಂಡನಿಗೆ ಬಹುಮಾನ ಬಂತು. ಸಭೆಗೆಂದೇ ಊರಿನಿಂದ ಬಂದಿದ್ದ ನನ್ನ ಅತ್ತೆಯವರು ವೇದಿಕೆಗೆ ಹೋಗಿ ಇಸಿದುಕೊಂಡರು. ಇಳಿದು ಬಂದವರು ಕಣ್ಣೊರೆಸಿಕೊಂಡು ಹೇಳಿದರು:

"ನಿನ್ನ ಮಗಳ ಹಾಗಲ್ಲ ಬಿಡು. ಅವನು ನಮ್ಮ ಮನೆಯವರನ್ನ ಹೋಲ್ತಾನೆ."