ಮಾವನವರ ಪಂಪು ಓಡಿದ ಗಂಟೆಗಳು

ಸುಳ್ಳು ಹೇಳುವವರನ್ನು ಕಂಡರೆ ನನಗೆ ಅಂಥ ಭಯವೇನಿಲ್ಲ. ಅವರ ಮಾತಿನಲ್ಲಿ ಅರ್ಧ ಕಳೆದು ಕೇಳಿಸಿಕೊಂಡರೆ ಆಯಿತು. ನನ್ನನ್ನು ಹಾಳು ಮಾಡಿದವರು ಮರ್ಯಾದಸ್ಥರು. ಮನೆಗೆ ಬಂದವರ ಮನಸ್ಸು ನೋಯಬಾರದೆಂದು ನಗುನಗುತ್ತ ಮಾತಾಡಿ, ಹೊಟ್ಟೆ ಬಿರಿಯುವಂತೆ ಬಡಿಸಿ, ಬಸ್ಸಿನವರೆಗೂ ಬಂದು ಕೈಮುಗಿದು ಕಳಿಸುವ ಜನ. ಇವತ್ತು ನಾನು ನಾಗಮಂಗಲದ ಹೈಸ್ಕೂಲಿನಲ್ಲಿ, ಕಾದ ಹೆಂಚಿನ ಕೆಳಗೆ ಬೇಯುತ್ತ, ಹುಡುಗರಿಗೆ ಬಡ್ಡಿ ಲೆಕ್ಕ ಹೇಳಿಕೊಡುತ್ತಿರುವುದಕ್ಕೆ ಅವರೇ ಕಾರಣ. ಅದರಲ್ಲೂ ಹೆಣ್ಣು ಕೊಟ್ಟ ನಮ್ಮ ಮಾವ.

ಅದಕ್ಕೆ ಮುಂಚೆ, ಹಳ್ಳಿಗಳಿಗೆ ಒಂದೊಂದಾಗಿ ಕರೆಂಟು ಬರುತ್ತಿದ್ದ ಕಾಲದಲ್ಲಿ, ನಾನು ಪಾಂಡವಪುರದ ಒಂದು ಪಂಪುಸೆಟ್ಟಿನ ಕಾರ್ಖಾನೆಯಲ್ಲಿದ್ದೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಒಂದು ತಗಡಿನ ಶೆಡ್ಡು, ಎರಡು ಲೇತು, ಬಾಗಿಲಲ್ಲಿ ಮಲಗುವ ಒಂದು ನಾಯಿ. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡುವಾಗ ಸಂಖ್ಯಾಶಾಸ್ತ್ರ ಓದಿದ್ದೆನೆಂದು ಯಜಮಾನರಿಗೆ ನನ್ನ ಮೇಲೆ ಏನೋ ಗೌರವ. ಒಂದು ದಿನ ಕರೆದು, "ನೋಡಯ್ಯ, ಬ್ಯಾರೆ ಕಂಪ್ನಿಯೋರು ಗ್ಯಾರಂಟಿ ಕೊಡ್ತಾವ್ರೆ. ನಮ್ ಪಂಪು ಕೆಡ್ದಂಗೆ ಎಷ್ಟು ವರ್ಸ ಓಡ್ತದೆ ಲೆಕ್ಕ ಆಕಿ ಏಳು. ಅಷ್ಟು ವರ್ಸ ಪುಕ್ಕಟೆ ರಿಪೇರಿ ಅಂತ ಬೋರ್ಡು ಬರೆಸ್ಬುಡ್ತೀನಿ" ಎಂದರು. ಲೆಕ್ಕ ಸರಿಹೋದರೆ ನನ್ನನ್ನು ಮ್ಯಾನೇಜರು ಮಾಡುವುದಾಗಿಯೂ ತಪ್ಪಿದರೆ ಮನೆಗೆ ಕಳಿಸುವುದಾಗಿಯೂ ಒಂದೇ ಉಸಿರಿನಲ್ಲಿ ಹೇಳಿದರು.

ಕಾರ್ಖಾನೆಗೆ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ನಿನ್ನೆ ಮೊನ್ನೆ ಹುಟ್ಟಿದ ವಸ್ತುವಿನ ಆಯುಸ್ಸು ಹೇಳುವುದು ಜೋಯಿಸರ ಕೆಲಸವಲ್ಲವೇ ಎಂದು ನೀವು ಕೇಳಬಹುದು. ನಮ್ಮ ಶಾಸ್ತ್ರದಲ್ಲೂ ಒಂದು ದಾರಿಯಿದೆ. ಮಾರಿದ ಪಂಪುಗಳೆಲ್ಲ ಒಟ್ಟು ಎಷ್ಟು ಗಂಟೆ ಓಡಿವೆ ಎಂದು ಕೂಡಿಸಿ, ಅವುಗಳಲ್ಲಿ ಎಷ್ಟು ಕೆಟ್ಟಿವೆಯೋ ಅದರಿಂದ ಭಾಗಿಸಿದರೆ, ಒಂದು ಪಂಪು ಸರಾಸರಿ ಎಷ್ಟು ಕಾಲ ಓಡೀತೆಂದು ಅಂದಾಜು ಸಿಗುತ್ತದೆ. ಆದರೆ ಕೆಟ್ಟವು ಕಡಿಮೆಯಿದ್ದಷ್ಟೂ ಆ ಅಂದಾಜನ್ನು ನಂಬುವುದು ಕಷ್ಟ. ಒಂದೂ ಕೆಡದಿದ್ದರಂತೂ ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ಶಾಸ್ತ್ರವೇ ಕೈಚೆಲ್ಲಿ ಕೂರುತ್ತದೆ. ಹಾಗಾಗಿ ಅನ್ನ ಕೊಡುವ ಕಾರ್ಖಾನೆಯ ಪಂಪು ನಾಲ್ಕಾರಾದರೂ ಸುಟ್ಟುಹೋಗಿರಲಪ್ಪ ಎಂದು ದೇವರಿಗೆ ಕೈಮುಗಿದು ಹಳ್ಳಿಗಳ ಕಡೆ ಹೊರಟೆ.

ಪಾಲಹಳ್ಳಿಯಲ್ಲಿ, ಪಂಪು ಹೇಗಿದೆ ಗೌಡರೆ ಎಂದು ಕೇಳುವ ಮೊದಲೇ ಮುದ್ದೆ ಬಂತು. "ಉಣ್ಣಿ ಸ್ವಾಮಿ. ಪಂಪ್‌ಗೇನು, ರಾಜ್ನಂಗದೆ" ಎಂದರು ಗೌಡರು. ಬೆಳಗೊಳದಲ್ಲಿ ಕೋಳಿ ಕುಯ್ದರು. ಅಲ್ಲಿಯೂ ಪಂಪು ರಾಜನ ಹಾಗೇ ಇತ್ತು. ಒಂದು ಸಲ ಕಣ್ಣಲ್ಲಿ ನೋಡಿ ಬರುತ್ತೇನೆ ಎಂದರೆ, "ಈ ಬಿಸ್ಲಲ್ಲಾ? ಒಸಿ ಮನೀಕಳಿ" ಎಂದು ಚಾಪೆ ಹಾಸಿದರು. ಉಂಡ ಮನೆಯಲ್ಲೇ ಅವರ ಮಾತನ್ನು ಪರೀಕ್ಷೆ ಮಾಡುವಷ್ಟು ನಾಚಿಕೆಗೆಟ್ಟವನಲ್ಲ ನಾನು. ಮಲಗಿದೆ. ಇಷ್ಟೆಲ್ಲ ಸುತ್ತಿದರೂ ನನ್ನ ಪಾಲಿಗೆ ದಕ್ಕಿದ ಕೆಟ್ಟ ಪಂಪು ಒಂದೇ, ಆಗಲೇ ವಾಪಸು ಬಂದು ಕಾರ್ಖಾನೆಯ ಮೂಲೆಯಲ್ಲಿ ಬಿದ್ದಿದ್ದದ್ದು.

ಕೊನೆಗೆ ಕೆ.ಆರ್. ಪೇಟೆ ದಾಟಿ ಅಕ್ಕಿಹೆಬ್ಬಾಳಿಗೆ, ಮಾವನ ಮನೆಗೆ ಹೋದೆ. ಕಾರ್ಖಾನೆಯ ಮೊಟ್ಟಮೊದಲ ಪಂಪನ್ನು ನಾನೇ ಮುಂದೆ ನಿಂತು ಅವರ ಬಾವಿಗೆ ಕೂರಿಸಿದ್ದೆ. "ಚೆನ್ನಾಗದೆ. ಏನೂ ತೊಂದ್ರೆ ಇಲ್ಲ" ಎಂದರು ಮಾವ. ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂದೆ. "ಕರೆಂಟು ಇರೋಗಂಟ ಓಡ್ತದೆ." ನನ್ನ ಲೆಕ್ಕದ ಬೆನ್ನೆಲುಬು ಸಿಕ್ಕಿತು. ಎಲ್ಲಕ್ಕಿಂತ ಹಳೆಯ ಪಂಪು, ಎಲ್ಲಕ್ಕಿಂತ ಹೆಚ್ಚು ಗಂಟೆ. ಕೂಡಿಸಿ, ಭಾಗಿಸಿ, ಐದು ವರ್ಷ ಧಾರಾಳವಾಗಿ ಕೊಡಬಹುದು ಎಂದೆ. ಯಜಮಾನರು ಬೋರ್ಡು ಬರೆಸಿದರು.

ಬೋರ್ಡಿನ ಬಣ್ಣ ಒಣಗುವಷ್ಟರಲ್ಲಿ ಗಾಡಿಗಳು ಬಂದವು. ಪಾಲಹಳ್ಳಿಯ ರಾಜ, ಬೆಳಗೊಳದ ರಾಜ, ಎಲ್ಲರೂ ಹುಲ್ಲಿನ ಮೇಲೆ ಮಲಗಿಕೊಂಡು ಬಂದರು, ಕರಕಲಾಗಿ. "ಅವತ್ತು ಚೆನ್ನಾಗಿದೆ ಅಂದಿರಲ್ಲ ಗೌಡರೆ?" ಎಂದರೆ ಪಾಲಹಳ್ಳಿಯವರು ನನ್ನನ್ನೇ ಕನಿಕರದಿಂದ ನೋಡಿದರು. "ಉಣ್ಣಕ್ ಕುಂತೋರ್ ಮುಂದೆ ಅದ್ನೆಲ್ಲ ಏಳಕ್ಕಾಯ್ತದಾ ಸ್ವಾಮಿ? ನೊಂದ್ಕತೀರ ಅಂತ ಸುಮ್ಕಾದೊ."

ಯಜಮಾನರು ನೊಂದುಕೊಳ್ಳುವ ಜಾತಿಯವರಲ್ಲ. "ಓಡ್ತಿರೋದು ಒಂದಾದ್ರೂ ತೋರ್ಸಲಾ, ಇಲ್ದಿದ್ರೆ ಇವತ್ತೇ ಗಂಟು ಕಟ್ಟು" ಎಂದರು. ನನಗೆ ಧೈರ್ಯವಿತ್ತು. ಜೀಪಿನಲ್ಲಿ ಕೂರಿಸಿಕೊಂಡು ಸೀದಾ ಅಕ್ಕಿಹೆಬ್ಬಾಳಿಗೆ ಕರೆದೊಯ್ದೆ. ಮಾವ ಗದ್ದೆ ಬದುವಿನ ಮೇಲೆಯೇ ಎದುರಾದರು. ಪಂಪು ಹೇಗಿದೆ ಎಂದು ಯಜಮಾನರೇ ಕೇಳಿದರು. "ಚೆನ್ನಾಗದೆ ಬುದ್ಧಿ, ಏನೂ ತೊಂದ್ರೆ ಇಲ್ಲ" ಎಂದರು ಮಾವ. ಅವರ ಬೆನ್ನ ಹಿಂದೆ ಎತ್ತುಗಳೆರಡು ಕಪಿಲೆ ಎಳೆಯುತ್ತಿದ್ದವು. ಬಾವಿಯಿಂದ ಮೇಲೆದ್ದ ತೊಗಲಿನ ಚೀಲ ಕಾಲುವೆಗೆ ನೀರು ಸುರಿಯಿತು. ಪಕ್ಕದ ಗುಡಿಸಲಲ್ಲಿ ನಮ್ಮ ಪಂಪಿನ ಮೇಲೆ ಗೋಣಿಚೀಲ ಹೊದಿಸಿತ್ತು. ಅದರ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು. ಯಜಮಾನರು ಕೋಳಿಯನ್ನೂ ನನ್ನನ್ನೂ ನೋಡಿದರು. "ನಿಮ್ ಮಾವ ಬಾಳ ದೊಡ್ ಮನ್ಸ ಕಣಯ್ಯ. ನಾಳೆಯಿಂದ ನೀನು ಬರ್ಬ್ಯಾಡ" ಎಂದು ಜೀಪು ಹತ್ತಿದರು. ನನ್ನನ್ನು ಹತ್ತಿಸಿಕೊಳ್ಳಲಿಲ್ಲ.

ಬಸ್ಸು ಹಿಡಿದು ಮನೆಗೆ ಬಂದು ನನ್ನ ಹೆಂಡತಿ ಜಯಮ್ಮನ ಮೇಲೆ ಹರಿಹಾಯ್ದೆ. ಅವಳು ಶಾಂತವಾಗಿ ಹೇಳಿದಳು: "ಅದು ಬಂದ್ ಮೂರ್ನೇ ತಿಂಗ್ಳಿಗೇ ಸುಟ್ಟೋಯ್ತು. ಅಳಿಯಂದ್ರು ಆಸೆ ಪಟ್ಟು ಕೂರ್ಸವ್ರೆ, ಏಳ್ಬ್ಯಾಡ ಅಂದಿದ್ರು ನಮ್ಮಪ್ಪ." ಹೀಗೆ ಒಂದೂವರೆ ವರ್ಷ ಎತ್ತು ಕಟ್ಟಿ ನೀರೆಳೆದು, ನಾನು ಹೋದಾಗಲೆಲ್ಲ ನನ್ನನ್ನು ಬಾವಿಯ ಕಡೆ ಸುಳಿಯಗೊಡದೆ ಊಟಕ್ಕೆ ಕೂರಿಸಿದ ಮಹಾನುಭಾವರ ಮೇಲೆ ಸಿಟ್ಟಾದರೂ ಹೇಗೆ ಮಾಡುವುದು? ಆದರೂ ಮಾಡಿಕೊಂಡೆ. ಇವತ್ತಿಗೂ ಇದೆ.

ಮೊನ್ನೆ ಊಟಕ್ಕೆ ಕೂತಾಗ ಏನೋ ಯೋಚನೆ ಬಂತು. ಮೇಷ್ಟ್ರಾದ ಮೇಲೆ ನನ್ನ ಬಗ್ಗೆ ನೆಂಟರಿಷ್ಟರು ವಿಚಾರಿಸಿದರೆ ನಿಮ್ಮಪ್ಪ ಏನನ್ನುತ್ತಾರೆ ಎಂದು ಜಯಮ್ಮನನ್ನು ಕೇಳಿದೆ.

"ಏನಂತಾರೆ? ನಮ್ಮಳಿಯಂದ್ರು ಚೆನ್ನಾಗವ್ರೆ, ಏನೂ ತೊಂದ್ರೆ ಇಲ್ಲ ಅಂತಾರೆ."

ಹೌದೇ, ನೀನೇನು ಹೇಳುತ್ತೀ ಎಂದೆ. ಜಯಮ್ಮ ನನ್ನ ಮುಖ ನೋಡಲಿಲ್ಲ. ಮೊದಲು ಉಣ್ಣಿ ಎಂದು ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.