ಸಾಹೇಬರ ಬಿಳಿಕಾಯಿಗೆ ಮೂರು ಉಪಾಯ

ಮೋಟಾರು ಕಚೇರಿಯ ಗುಮಾಸ್ತನಿಗೆ ನಗುವ ಪ್ರಸಂಗಗಳಿಗೇನೂ ಕೊರತೆಯಿಲ್ಲ. ಎದುರಿಗೇ ನಗುವ ಧೈರ್ಯ ಮಾತ್ರ ಇರುವುದಿಲ್ಲ. ಮೂವತ್ತರ ದಶಕದಲ್ಲಿ ನಾನು ಶಿರಸಿಯ ಒಬ್ಬ ಸಾಹೇಬರ ಬಸ್ಸು ಕಚೇರಿಯಲ್ಲಿದ್ದೆ. ಸಿದ್ದಾಪುರ ಶಾಖೆಯನ್ನು ಅವರ ಭಾವಮೈದುನ ನೋಡುತ್ತಿದ್ದ. ಇಬ್ಬರೂ ಎರಡು ಊರಿನಲ್ಲಿ ಕೂತು ಚದುರಂಗ ಆಡುವರು. ನಡೆಯನ್ನು ಚೀಟಿಯಲ್ಲಿ ಬರೆದು ಬಸ್ಸಿನಲ್ಲಿ ಕಳಿಸುವುದು ರೂಢಿ.

೧. ಭದ್ರತೆ

ಬಿಳಿಕಾಯಿ ಯಾವಾಗಲೂ ಸಾಹೇಬರದೇ. ಮೊದಲು ಮಂತ್ರಿಯ ಮುಂದಿನ ಕಾಲಾಳು ಎರಡು ಮನೆ. ಆಮೇಲೆ ಅದಕ್ಕೆ ಆಸರೆಯಾಗಿ ಪಕ್ಕದ ಕಾಲಾಳುಗಳು, ಹಿಂದೆ ಕುದುರೆ, ಒಂಟೆ. ಗೋಡೆ ಭದ್ರವಾಯಿತು. ಅಲ್ಲಿಂದ ಮುಂದೆ ಒಂದು ವಾರ ಆನೆ ಇವತ್ತು ಆಚೆ, ನಾಳೆ ಈಚೆ.

"ಮುಂದೆ ಎಂತ ಮಾಡೋದು ಸಾಹೇಬ್ರೆ?" ಎಂದು ಕೇಳಿದೆ.

"ಇಷ್ಟು ಚಂದ ಕಟ್ಟಿದ್ದೇನೆ, ಕೆಡವು ಅಂತೀಯಾ?" ಎಂದರು.

೨. ಮತದಾನ

ಚೀಟಿ ಬರೆಯದೆ ಬಸ್ಸು ಹೊರಡುವಂತಿಲ್ಲ. ಒಂದು ದಿನ ತ್ಯಾಗಲಿಯ ರೈತರೊಬ್ಬರು ಬಸ್ಸಿನಿಂದ ಇಳಿದು ಬಂದರು. "ಎಂತಾದ್ರೂ ಒಂದು ನಡೆಸಿ ಮಾರಾಯ್ರೆ, ಮನೇಲಿ ಊಟಕ್ಕೆ ಕಾಯ್ತಿದ್ದಾರೆ."

ಸಾಹೇಬರು ಮೂರು ಉಪಾಯ ಹೇಳಿದರು: ನಡುವೆ ಕಾಲಾಳು ನೂಕುವುದು, ರಾಜನ ಕಡೆ ದಾಳಿ ಮಾಡುವುದು, ಮಂತ್ರಿಯ ಕಡೆ ಮೆಲ್ಲಗೆ ಒತ್ತುವುದು. ಬಸ್ಸಿನವರೆಲ್ಲ ಕೈ ಎತ್ತಿದರು. ಹಿಂದಿನ ಇಪ್ಪತ್ತು ಜನ ದಾಳಿಗೆ, ಮುಂದಿನ ಸೀಟಿನ ಇಬ್ಬರು ಮಾತ್ರ ಮಂತ್ರಿಯ ಕಡೆಗೆ. ಸಾಹೇಬರು ಆ ಇಬ್ಬರ ಮಾತನ್ನೇ ಹಿಡಿದು ಆಟ ಸೋತರು.

"ಅವರದ್ದು ಹೆಚ್ಚಿನ ದರದ ಟಿಕೀಟು," ಎಂದು ನನಗೆ ಸಮಜಾಯಿಷಿ ಕೊಟ್ಟರು.

೩. ನಕಲು

"ಮುಂದಿನ ಆಟಕ್ಕೆ ಉಪಾಯ ನೀನೇ ಬರೆದುಕೊಡು. ಸೋತರೆ ಯಲ್ಲಾಪುರ ಶಾಖೆಗೆ ನೀನೇ ಹೋಗು," ಎಂದರು ಸಾಹೇಬರು. ಅಲ್ಲಿನ ಗುಮಾಸ್ತ ಮಲೇರಿಯಾ ಹಿಡಿದು ಊರಿಗೆ ಹೋಗಿದ್ದ. ಅವನ ಹಿಂದಿನವನೂ ಹಾಗೆಯೇ ಹೋದವನು. ಅಂದು ರಾತ್ರಿಯೇ ದೀಪ ಹಚ್ಚಿಕೊಂಡು ಕೂತೆ. ಮೊದಲು ರಾಜನಿಗೆ ಕೋಟೆ, ಆಮೇಲೆ ನಡುವಿನ ಕಾಲಾಳು, ಕೊನೆಗೆ ಒಂಟೆಯ ದಾಳಿ ಎಂದು ಎರಡು ಪುಟ ಬರೆದೆ. ಸಾಹೇಬರು ಮೆಚ್ಚಿ ಸಹಿ ಹಾಕಿದರು.

ಸಾಹೇಬರ ಸಹಿ ಬಿದ್ದ ಕಾಗದದ ನಕಲನ್ನು ಎಲ್ಲ ಶಾಖೆಗಳಿಗೂ ಕಳಿಸುವುದು ನಮ್ಮ ಕಚೇರಿಯ ಪದ್ಧತಿ. ಅಭ್ಯಾಸಬಲದಿಂದ ಕಳಿಸಿಬಿಟ್ಟೆ. ಏನು ಮಾಡಿದೆನೆಂದು ಹೊಳೆಯುವಷ್ಟರಲ್ಲಿ ಸಿದ್ದಾಪುರದ ಬಸ್ಸು ಹೋಗಿಯಾಗಿತ್ತು.

ಮರುದಿನ ಭಾವಮೈದುನನ ಉತ್ತರ ಬಂತು. ಸಾಹೇಬರು ಗಟ್ಟಿಯಾಗಿ ಓದಿದರು: "ನಕಲು ತಲುಪಿತು. ಉಪಾಯದಲ್ಲಿ ತಪ್ಪು ಕಾಣಲಿಲ್ಲ. ಆದ್ದರಿಂದ ಆಟ ಸೋತಿದ್ದೇನೆ. ಬರೆದ ಗುಮಾಸ್ತನನ್ನು ಇಲ್ಲಿಗೆ ಕಳಿಸಿ."

ಒಂದು ಕಾಯಿಯನ್ನೂ ಮುಟ್ಟದೆ ಸಾಹೇಬರು ಗೆದ್ದಿದ್ದರು. ಯಲ್ಲಾಪುರ ತಪ್ಪಿತೆಂದು ನಾನು ಕೈ ಮುಗಿದೆ.

"ಸಿದ್ದಾಪುರಕ್ಕೆ ಹೋಗು. ಅಲ್ಲಿ ಅವನಿಗೂ ಉಪಾಯ ಬರೆದುಕೊಡು," ಎಂದರು ಸಾಹೇಬರು. "ಆದರೆ ಪದ್ಧತಿ ಬಿಡಬೇಡ. ನಕಲು ಇಲ್ಲಿಗೆ ಬರಬೇಕು."