ಒಂಬತ್ತು ನಿಮಿಷದ ಕೆಲಸ

ನನ್ನ ಲ್ಯಾಪ್‌ಟಾಪ್ ಚೆನ್ನಾಗಿಯೇ ಇತ್ತು. ಅದನ್ನೇ ನನ್ನ ಕೈಯಲ್ಲಿ ಸಹಿಸಲಾಗಲಿಲ್ಲ ನೋಡಿ! ಆಫೀಸಿನಲ್ಲಿ ನಾಲ್ಕು ಜನರ ಮುಂದೆ, "ಹೊಸ ಆಪರೇಟಿಂಗ್ ಸಿಸ್ಟಮ್ ಹಾಕೋದೇನು ಮಹಾ? ನಾನೇ ಹಾಕ್ತೀನಿ, ಮಿಂಚಿನ ಹಾಗೆ ಓಡುತ್ತೆ" ಎಂದು ಜಂಬ ಕೊಚ್ಚಿಕೊಂಡೆ. ಅದು ಮ್ಯಾನೇಜರ್ ಕಿವಿಗೂ ಬಿತ್ತು. "ಸೋಮವಾರ ತನ್ನಿ, ಎಲ್ಲರ ಮುಂದೆ ಆನ್ ಮಾಡಿ ತೋರಿಸಿ" ಎಂದರು.

ಶನಿವಾರ ಪೆನ್‌ಡ್ರೈವ್ ಸಿಕ್ಕಿಸಿ ಹೊಸ ಸಿಸ್ಟಮ್ಮಿನ ಪ್ರತಿಷ್ಠಾಪನಾ ಕಾರ್ಯ ಮುಗಿಸಿದೆ. (ಬಗ್ಗಿ ನೋಡಲು ಬಂದ ಹೆಂಡತಿಗೆ, "ಗೊತ್ತಿಲ್ಲದ್ದಕ್ಕೆ ಬಾಯಿ ಹಾಕ್ಬೇಡ" ಎಂದಿದ್ದೆ. ಈ ಮಾತು ನಿಮಗೆ ನೆನಪಿರಲಿ. ಅವಳಿಗಂತೂ ನೆನಪಿತ್ತು.) ಭಾನುವಾರ ಬೆಳಿಗ್ಗೆ ಆನ್ ಮಾಡಿದರೆ ಬರೀ ಕಪ್ಪು ಪರದೆ. ನನ್ನ ಮಿಂಚು ಹೊಳೆಯಲು ಸರಿಯಾಗಿ ಒಂಬತ್ತು ನಿಮಿಷ ಹಿಡಿಯಿತು.

"ರೀ, ಮುಖ ನೋಡ್ತಾ ಕೂತ್ರೆ ಅದು ಬೇಗ ಏಳುತ್ತಾ? ಅಷ್ಟರಲ್ಲಿ ಆ ಬಟ್ಟೆ ಮಡಚಿಡಿ."

ಮಡಚಿದೆ. ಆಮೇಲೆ ತನಿಖೆ ಶುರು. ಯಂತ್ರದ ಜೊತೆಗೇ ಎದ್ದು ಕೂರುವ ಪ್ರೋಗ್ರಾಮುಗಳನ್ನೆಲ್ಲ ಆಫ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ಒಂಬತ್ತು ನಿಮಿಷ! ಅಷ್ಟರಲ್ಲಿ ಅಡುಗೆಮನೆಯ ಕಟ್ಟೆ ಉಜ್ಜಿದೆ. ಆಂಟಿವೈರಸ್ ಕಿತ್ತುಹಾಕಿದೆ, ಕಿಟಕಿಯ ಸರಳು ಒರೆಸಿದೆ. ಡ್ರೈವರುಗಳನ್ನೆಲ್ಲ ಹೊಸದು ಮಾಡಿದೆ, ಸ್ಟೂಲ್ ಹತ್ತಿ ಫ್ಯಾನಿನ ಧೂಳು ತೆಗೆದೆ. ಧೂಳೆಲ್ಲ ನನ್ನ ಬಾಯಿಗೇ ಬಿತ್ತು.

"ಇನ್ನೊಂದ್ಸಲ ರೀಸ್ಟಾರ್ಟ್ ಮಾಡಿ ನೋಡ್ರೀ" ಎಂದು ಅವಳೇ ಹುರಿದುಂಬಿಸುತ್ತಿದ್ದಳು. ಎಂಥ ಸಹಧರ್ಮಿಣಿ ಎಂದು ಕಣ್ಣು ತುಂಬಿ ಬಂತು. ಹನ್ನೊಂದನೆಯ ರೀಸ್ಟಾರ್ಟಿಗೆ ಬಚ್ಚಲುಮನೆ ತೊಳೆದೆ.

ಸಂಜೆ ಸೊಂಟ ಹಿಡಿದುಕೊಂಡು ನೆಲದ ಮೇಲೆ ಕುಕ್ಕರಿಸಿದೆ. "ನಾಳೆ ನನ್ನ ಮಾನ ಹೋಯ್ತು ಕಣೇ. ಅಷ್ಟು ಜನರ ಮುಂದೆ ಹೇಗೆ ಮುಖ ತೋರಿಸ್ಲಿ?" ನಿಜವಾಗಿಯೂ ಅಳು ಬರುವಂತಾಗಿತ್ತು.

ಅವಳು ಒಮ್ಮೆ ಮನೆಯ ಮೇಲೆಲ್ಲ ಕಣ್ಣಾಡಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು, ಲ್ಯಾಪ್‌ಟಾಪಿನ ಪಕ್ಕದಿಂದ ಏನನ್ನೋ ಎಳೆದು ನನ್ನ ಅಂಗೈಗೆ ಹಾಕಿದಳು. ಶನಿವಾರದ ಪೆನ್‌ಡ್ರೈವ್!

"ಈಗ ಆನ್ ಮಾಡಿ."

ಇಪ್ಪತ್ತೇ ಸೆಕೆಂಡು. ಪಾಪದ ಯಂತ್ರ ಪ್ರತಿ ಸಲವೂ ಮೊದಲು ಆ ಪೆನ್‌ಡ್ರೈವಿನ ಬಾಗಿಲು ತಟ್ಟಿ, ಕಾದು ಕಾದು ಬೇಸತ್ತು, ಆಮೇಲೆ ತನ್ನ ಮನೆಗೆ ಬರುತ್ತಿತ್ತು.

"ನೀನಿದನ್ನ ಯಾವಾಗ ನೋಡಿದೆ?"

"ಬೆಳಿಗ್ಗೆ, ನೀವು ಬಟ್ಟೆ ಮಡಚೋವಾಗ."

"ಮತ್ತೆ ಹೇಳ್ಬಾರದಿತ್ತಾ?"

"ಗೊತ್ತಿಲ್ಲದ್ದಕ್ಕೆ ಬಾಯಿ ಹಾಕ್ಬೇಡ ಅಂದಿದ್ರಲ್ಲ? ಅಲ್ದೆ, ಬಚ್ಚಲು ಬಾಕಿ ಇತ್ತು."

ಸೋಮವಾರ ಆಫೀಸಿನಲ್ಲಿ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವುದರೊಳಗೆ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಎಲ್ಲಾ ಒಬ್ಬರೇ ಮಾಡಿದ್ರಾ?" ಎಂದು ಮ್ಯಾನೇಜರ್ ಕೇಳಿದರು. "ಒಬ್ಬನೇ ಸಾರ್" ಎಂದೆ, ನಾಚಿಕೆಯಿಲ್ಲದೆ.

ಮನೆಗೆ ಬಂದು ಇದನ್ನು ಹೆಂಡತಿಗೂ ಹೇಳಿದೆ. ಹೇಳಬಾರದಿತ್ತು. ಮುಂದಿನ ಭಾನುವಾರ ಬೆಳಿಗ್ಗೆ ಆನ್ ಮಾಡಿದರೆ ಮತ್ತೆ ಕಪ್ಪು ಪರದೆ. ಪಕ್ಕದಲ್ಲಿ ಪೆನ್‌ಡ್ರೈವ್ ಸಿಕ್ಕಿಸಿತ್ತು, ಬಾಗಿಲಲ್ಲಿ ಹೆಂಡತಿ ಪೊರಕೆ ಹಿಡಿದು ನಿಂತಿದ್ದಳು.

"ಏನ್ರೀ, ಮತ್ತೆ ನಿಧಾನವಾ?"

"ಹೌದು ಕಣೇ, ಯಾಕೋ ಗೊತ್ತಾಗ್ತಿಲ್ಲ" ಎಂದು ಪೊರಕೆ ಇಸಿದುಕೊಂಡೆ.